ಕಿಂಡಿ ಮುಚ್ಚಿದ ಕೇರಿ

"ಅವ್ವಾ, ನನ್ನ ಇಬ್ಬರು ಅಕ್ಕಂದಿರಿಗೂ ಒಂದೇ ವೈರಸ್ಸಿನ ಜ್ವರ ಬಂತು. ದೊಡ್ಡವಳು ನಾಲ್ಕು ದಿನ ಮಲಗಿ ಎದ್ದಳು. ಚಿಕ್ಕವಳು ಏಳಲೇ ಇಲ್ಲ. ಮೈಯೊಳಗೆ ಕಾವಲಿನ ಕಣಗಳಿರುತ್ತವೆ ಎನ್ನುತ್ತಾರಲ್ಲ, ಚಿಕ್ಕಕ್ಕನ ಮೈಯಲ್ಲಿ ಅವು ನಿದ್ದೆ ಹೋಗಿದ್ದವೇ?" ಎಂದು ಶಿಷ್ಯೆ ಕೇಳಿದಳು.

ಗುರುವಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹತ್ತಿರ ಬಾ. ಒಂದು ಕತೆ ಹೇಳುತ್ತೇನೆ, ಹೊರಗೆ ಬಾಯಿ ಬಿಟ್ಟರೆ ನನ್ನಾಣೆ. ಆ ಮನೆತನದವರು ಇನ್ನೂ ತಲೆಯೆತ್ತಿಕೊಂಡು ತಿರುಗುತ್ತಾರೆ."

ಒಂದೂರಲ್ಲಿ ಎರಡು ಕೇರಿ. ಮನೆಗೂ ಮನೆಗೂ ಒಂದೇ ನಡುಗೋಡೆ, ಗೋಡೆಗೊಂದು ಕಿಂಡಿ. ಹೆಪ್ಪಿನ ಮಜ್ಜಿಗೆ, ಒಲೆಯ ಕೆಂಡ, ಪಕ್ಕದವರ ಮಾನ, ಎಲ್ಲ ಆ ಕಿಂಡಿಯಲ್ಲೇ ದಾಟುತ್ತಿದ್ದವು.

ಮೇಲಿನ ಕೇರಿಗೆ ಒಬ್ಬ ನೆಂಟ ಬಂದ. "ನಿಮ್ಮ ಸೋದರತ್ತೆಯ ಬೀಗರ ಕಡೆಯವನು" ಅಂದ. ಶುದ್ಧ ಸುಳ್ಳು. ಉಂಡ, ಮಲಗಿದ, ಬೆಳಗಾಗುವುದರೊಳಗೆ ತನ್ನಂಥವರೇ ಇನ್ನಿಬ್ಬರನ್ನು ಕರೆಸಿಕೊಂಡ. ಮನೆಯವಳು ಕಿಂಡಿಗೆ ಬಾಯಿಟ್ಟು, "ಯಾರಿಗೂ ಹೇಳಬೇಡ ಕಣೇ, ಕಳ್ಳ ನೆಂಟರು ಮನೆ ಹೊಕ್ಕಿದ್ದಾರೆ" ಅಂದಳು. ಯಾರಿಗೂ ಹೇಳಬೇಡ ಅಂದ ಮಾತಿನಷ್ಟು ಬೇಗ ಇನ್ಯಾವ ಮಾತು ಓಡೀತು? ದೀಪ ಹಚ್ಚುವ ಹೊತ್ತಿಗೆ ಕೇರಿಯ ಬಾಗಿಲಿಗೆಲ್ಲ ಅಗುಳಿ ಬಿದ್ದಿತ್ತು. ಮುಖ ನೋಡಿ ಗುರುತು ಹಿಡಿಯಬಲ್ಲ ಗಟ್ಟಿಗರು ಬಂದು, ನೆಂಟರ ಕತ್ತು ಹಿಡಿದು ಹೊರಗೆ ದಬ್ಬಿದರು. "ಹೋದರು, ಇನ್ನು ಸಾಕು" ಎಂಬ ಮಾತೂ ಅದೇ ಕಿಂಡಿಯಲ್ಲಿ ಹೋಯಿತು. ಕೇರಿ ತಣ್ಣಗಾಯಿತು.

ನೆಂಟ ಕೆಳಗಿನ ಕೇರಿಗೆ ಬಂದ. ಒದೆ ತಿಂದಿದ್ದನಲ್ಲ, ಬುದ್ಧಿ ಕಲಿತಿದ್ದ. ದೊಡ್ಡಮನೆ ಹೊಕ್ಕು, ಉಣ್ಣುವುದಕ್ಕೆ ಮೊದಲೇ ಮನೆಯ ಯಜಮಾನಿತಿಗೆ ಹೇಳಿದ: "ಇಂಥ ಮನೆಗೆ ಪಕ್ಕದ ಮುದುಕಿ ಕಿವಿಯಿಡುವ ಕಿಂಡಿಯೇ? ಮಾನವಂತರ ಲಕ್ಷಣವಲ್ಲ ತಾಯಿ." ಅವಳು ನಾಚಿ, ಆಗಲೇ ಮಣ್ಣು ಕಲಸಿ ಕಿಂಡಿಗೆ ಮೆತ್ತಿದಳು. ದೊಡ್ಡಮನೆ ಮಾಡಿದ್ದನ್ನು ಕೇರಿಯೆಲ್ಲ ಮಾಡಿತು.

ಪಕ್ಕದ ಮುದುಕಿಗೆ ಮೈ ಉರಿಯಿತು. ಹೊಗೆ ನೋಡಿಯೇ ಯಾರ ಮನೆಯಲ್ಲಿ ಎಷ್ಟು ಸೇರಕ್ಕಿ ಬೇಯುತ್ತಿದೆ ಎಂದು ಹೇಳಬಲ್ಲವಳು ಅವಳು. ತಡೆಯಲಾರದೆ ಮುಂಬಾಗಿಲಿಗೇ ಹೋದಳು.

"ಏನವ್ವಾ, ಹೊತ್ತುಹೊತ್ತಿಗೂ ಒಲೆ ಉರಿಯುತ್ತಿದೆ. ಯಾರನ್ನು ಬಚ್ಚಿಟ್ಟಿದ್ದೀ?"

"ನಿನ್ನ ಒಲೆ ನೋಡಿಕೋ ಹೋಗೇ, ಚಾಡಿಬುರುಕಿ!"

ಬಾಗಿಲು ಹಾಕಿಕೊಂಡಿತು. ಕೇರಿಯ ಬಾಗಿಲೆಲ್ಲ ಅವಳ ಮುಖಕ್ಕೆ ಹಾಗೆಯೇ ಹಾಕಿಕೊಂಡವು. ಬಾಣಂತಿ ಮಗಳೊಬ್ಬಳೇ ಅವಳ ಮಾತು ಕೇಳುವವಳು.

ಅಷ್ಟರಲ್ಲಿ ನೆಂಟರು ಮನೆಮನೆಗೂ ತುಂಬಿದರು. ಕಣಜಗಳು ಬರಿದಾದವು. ಆಮೇಲೆ ಎದ್ದಿತು ನೋಡು ಬೊಬ್ಬೆ! ತಟ್ಟೆ ಬಡಿದವರೆಷ್ಟು, ತಮಟೆ ಬಡಿದವರೆಷ್ಟು, ಮಾಳಿಗೆ ಹತ್ತಿ ಬಾಯಿ ಬಡಿದುಕೊಂಡವರೆಷ್ಟು! ಎಲ್ಲರೂ ಕೂಗುವವರೇ, ಕೇಳುವವರಿಲ್ಲ. ಗಟ್ಟಿಗರು ದಿಕ್ಕುದಿಕ್ಕಿಗೆ ಓಡಿ ಓಡಿ ಕುಸಿದರು. ನೆಂಟ ಯಾರು, ನಮ್ಮವ ಯಾರು ಎಂದು ಇನ್ನೂ ತಿಳಿಯದ ಹಸಿ ಹುಡುಗರು ದೊಣ್ಣೆ ಹಿಡಿದು ಹೊರಬಿದ್ದರು. ನೆಂಟರನ್ನು ಹೊಡೆದರು, ಹಾಲು ಹಾಕುವವಳನ್ನೂ ಹೊಡೆದರು. ಬಣವೆಯಲ್ಲಿ ಅಡಗಿದ್ದಾರೆ ಎಂದು ಬಣವೆಗೆ ಬೆಂಕಿ ಇಟ್ಟರು. ಬೆಂಕಿ ಸೂರು ಹಿಡಿಯಿತು.

ಹೆಂಡತಿ ಮಗುವನ್ನು ಕರೆದೊಯ್ಯಲು ಮುದುಕಿಯ ಅಳಿಯ ಅಂದೇ ಬಂದಿದ್ದ. "ಅವನು ನನ್ನ ಅಳಿಯ ಕಣ್ರೋ, ಸಾಕು ನಿಲ್ಲಿಸ್ರೋ" ಎಂದು ಮುದುಕಿ ಗಂಟಲು ಹರಿಯುವಂತೆ ಕೂಗಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಹುಡುಗರ ದೊಣ್ಣೆಗೆ ಅವನು ಹೊಸ್ತಿಲಲ್ಲೇ ಬಿದ್ದ. ಹೊತ್ತು ಇಳಿಯುವಾಗ ನೆಂಟರೂ ಇರಲಿಲ್ಲ, ಕೇರಿಯೂ ಇರಲಿಲ್ಲ.

ಬೂದಿಯ ನಡುವೆ ದೊಡ್ಡಮನೆಯ ಯಜಮಾನಿತಿ ಮುದುಕಿಯ ಎದುರು ಬಂದು ನಿಂತಳು. ಸೊಂಟದ ಮೇಲೆ ಕೈ ಬೇರೆ. ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಊರ ಸುದ್ದಿಯೆಲ್ಲ ನಿನ್ನ ಬಾಯಲ್ಲೇ ಇರುತ್ತದಲ್ಲ, ಇದೊಂದನ್ನು ಮೊದಲೇ ಹೇಳುವುದಕ್ಕೆ ನಿನಗೇನು ರೋಗ ಬಡಿದಿತ್ತೇ?"

ಶಿಷ್ಯೆ ಮೆಲ್ಲಗೆ, "ಹಾಗಾದರೆ ನನ್ನ ಅಕ್ಕನ ಕಾವಲು..." ಎಂದಳು.

"ಎದ್ದಿತ್ತು ಮಗಳೇ, ಸುದ್ದಿ ತಡವಾಯಿತು, ಅವಳನ್ನು ಸುಟ್ಟ ಬೆಂಕಿ ಆ ಕಾವಲಿನವರದೇ."