ಮೋಡೆಮ್ ಬೋರ ದೇಶದೇಶದ ಕಾನೂನು ಪಾಲಿಸಿದ್ದು

ಕೇಳೋರು ಹತ್ತಿರ ಬನ್ನಿ, ಕೇಳದೋರು ಅಲ್ಲೇ ಕೂತು ಆಕಳಿಸಿ. ನಾನಂತೂ ಹೇಳೋನೇ.

ನಾಲ್ಕು ದೇಶದ ಗಡಿಗೆ ಅಂಟಿಕೊಂಡ ಹಾಗೆ ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬಳು, ಅವಳಿಗೊಬ್ಬನೇ ಮಗ ಬೋರಲಿಂಗ. ಮೈಯಲ್ಲಿ ಆನೆ, ಮನಸ್ಸಲ್ಲಿ ಹಸು, ಬುದ್ಧಿ ಮಾತ್ರ ದೇವರು ಹಂಚೋ ಹೊತ್ತಲ್ಲಿ ಇವನು ನಿದ್ದೆ ಮಾಡ್ತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ. "ಹಾಲು ಉಕ್ಕೋದನ್ನ ನೋಡ್ತಿರೋ" ಅಂದ್ರೆ ಉಕ್ಕಿ ಚೆಲ್ಲಿ ಒಲೆ ಆರೋವರೆಗೂ ನೋಡೋನು. "ಚೆನ್ನಾಗಿ ಉಕ್ತು ಕಣವ್ವ!" ಅಂತ ಬೇರೆ ಬಂದು ಹೇಳೋನು.

ನಿಂಗಾಜಮ್ಮ ಹಣೆ ಚಚ್ಚಿಕೊಳ್ಳೋಳು. ಅವಳಿಗಿದ್ದ ಆಸೆ ಒಂದೇ: ತಮ್ಮ ಮಾದಪ್ಪನ ಮಗಳು ಚಿಕ್ಕತಾಯಿನ ಸೊಸೆ ಮಾಡ್ಕೋಬೇಕು. ಹುಡುಗಿಗೂ ಬೋರನ್ನ ಕಂಡ್ರೆ ಇಷ್ಟ. "ಸುಳ್ಳು ಹೇಳೋಕೂ ಬುದ್ಧಿ ಬೇಕಲ್ಲ ಅತ್ತೆ? ಇವನಿಗದಿಲ್ಲ. ನನಗಷ್ಟು ಸಾಕು" ಅಂತಿದ್ಲು. ಮಾದಪ್ಪ ಮಾತ್ರ ಬಗ್ಗಲಿಲ್ಲ. "ಮೊದಲು ಒಂದು ಕೆಲಸ ನೆಟ್ಟಗೆ ಮಾಡ್ಲಿ ಅಕ್ಕ, ಆಮೇಲೆ ನೋಡೋಣ."

ಮಾದಪ್ಪನದು ಮೋಡೆಮ್ ವ್ಯಾಪಾರ. ಮೋಡೆಮ್ ಅಂದ್ರೆ ಒಂದು ಪುಟ್ಟ ಪೆಟ್ಟಿಗೆ. ಫೋನಿನ ತಂತಿಗೆ ಸಿಕ್ಕಿಸಿದ್ರೆ ಕೀಂಯ್, ಗರ್‍ರ್, ಟೊಂಯ್ ಅಂತ ಕಿರುಚಿ, ಈ ಊರಿನ ಕಂಪ್ಯೂಟರನ್ನ ಆ ಊರಿನ ಕಂಪ್ಯೂಟರಿನ ಜೊತೆ ಮಾತಾಡಿಸುತ್ತೆ. ಎಲ್ಲಾ ದೇಶದಲ್ಲೂ ಪೆಟ್ಟಿಗೆ ಒಂದೇ, ತಂತಿ ಒಂದೇ, ಕಿರುಚಾಟ ಒಂದೇ. ಕಾನೂನು ಮಾತ್ರ ದೇಶಕ್ಕೊಂದು! ಇಲ್ಲದಿದ್ರೆ ಅಷ್ಟೊಂದು ಜನ ಬುದ್ಧಿವಂತ ಅಧಿಕಾರಿಗಳಿಗೆ ಹೊತ್ತು ಹೋಗೋದು ಹೆಂಗೆ?

"ಹೊಳೆಯಾಚೆ ದೇಶಕ್ಕೆ ಹೋಗು. ಅಂಗಡಿಯೋರ ಫೋನಿಗೆ ಸಿಕ್ಕಿಸಿ ತೋರಿಸು" ಅಂದ ಮಾದಪ್ಪ.

ಬೋರ ಹೋದ. ಸಿಕ್ಕಿಸಿದ. ಪೆಟ್ಟಿಗೆ ಕೀಂಯ್ ಅಂದದ್ದೇ ತಡ, ಎಲ್ಲಿದ್ದನೋ ಒಬ್ಬ ಇನ್‌ಸ್ಪೆಕ್ಟರು ಹಾರಿ ಬಂದ. "ಇದರ ಮೇಲೆ ಸರ್ಕಾರದ ಒಪ್ಪಿಗೆ ಚೀಟಿ ಎಲ್ಲಿ?" ಚೀಟಿ ಇರಲಿಲ್ಲ. ಪೆಟ್ಟಿಗೆ ಸರ್ಕಾರದ ಪಾಲಾಯ್ತು, ಬೋರ ಬರಿಗೈಲಿ ಮನೆಗೆ ಬಂದ.

"ಅಯ್ಯೋ ಮೂದೇವಿ!" ನಿಂಗಾಜಮ್ಮ ಹೊಯ್ಕೊಂಡ್ಲು. "ಚೀಟಿ ಅಂಟಿಸದೆ ಯಾರಾದ್ರೂ ತಂತಿ ಮುಟ್ಟಿಸ್ತಾರಾ? ಇನ್ಮೇಲೆ ಚೀಟಿ ಇಲ್ಲದ ಯಾವುದನ್ನೂ ಫೋನಿನ ಹತ್ತಿರ ಬಿಡಬೇಡ!"

"ಆಗ್ಲಿ ಕಣವ್ವ!"

ಮುಂದಿನ ಸಲ ಬೆಟ್ಟದಾಚೆ ದೇಶ. ಮಾದಪ್ಪ ಒಂದು ಕಟ್ಟು ಒಪ್ಪಿಗೆ ಚೀಟಿ ಕೊಟ್ಟು ಕಳಿಸಿದ. ಬೋರ ಪೆಟ್ಟಿಗೆಗೆ ಚೀಟಿ ಅಂಟಿಸಿದ, ಸಿಕ್ಕಿಸಿದ. ಎಲ್ಲಾ ಸರಿಯಾಯ್ತು. ಆಗ ಅಂಗಡಿಯವನ ತಾಯಿ, ಹಣ್ಣು ಹಣ್ಣು ಮುದುಕಿ, ಮಗಳ ಜೊತೆ ಮಾತಾಡಬೇಕು ಅಂತ ಫೋನಿನ ಹತ್ತಿರ ಬಂದ್ಲು.

"ನಿಂತ್ಕೊಳಜ್ಜಿ! ಚೀಟಿ ಎಲ್ಲಿ?"

"ಯಾವ ಚೀಟಿಯಪ್ಪ?"

ಬೋರ ಅಜ್ಜಿ ಹಣೆಗೆ ಒಂದು ಅಂಟಿಸಿದ. ಬಿಡಿಸೋಕೆ ಬಂದ ಅಂಗಡಿಯವನ ಬೋಳುತಲೆಗೆ ಒಂದು ಅಂಟಿಸಿದ. ಗಲಾಟೆ ಕೇಳಿ ಇನ್‌ಸ್ಪೆಕ್ಟರು ಬಂದ. ಅವನು ಬಾಯಿ ತೆಗೆಯೋಕೆ ಮುಂಚೆ ಅವನ ಮೀಸೆಗೂ ಒಂದು! ಚೀಟಿ ಸರ್ಕಾರದ್ದಾದ್ರೂ ಅಂಟು ಗಟ್ಟಿ. ಕಿತ್ತಾಗ ಅರ್ಧ ಮೀಸೆ ಅದರ ಜೊತೆ ಹೋಯ್ತು.

"ಚೀಟಿ ಪೆಟ್ಟಿಗೆಗೆ ಕಣೋ, ಮೀಸೆಗಲ್ಲ!" ನಿಂಗಾಜಮ್ಮ ಪೊರಕೆ ಹಿಡಿದು ನಿಂತ್ಲು. "ಸಮುದ್ರದ ಕಡೆ ದೇಶದಲ್ಲಿ ಇನ್ನೊಂದು ಕಾನೂನಂತೆ, ನಿಮ್ಮ ಮಾವ ಹೇಳ್ದ. ಆ ಕಡೆಯೋರು ಫೋನು ಎತ್ತದಿದ್ರೆ ಮತ್ತೆ ಮತ್ತೆ ಕರೆದು ಪ್ರಾಣ ತಿನ್ನಬಾರದು. ಎರಡು ಸಲ ಕರಿ. ಎತ್ತಲಿಲ್ವಾ? ತೆಪ್ಪಗೆ ಕೂತ್ಕೊ!"

"ಕೂತ್ಕೋತೀನಿ ಕಣವ್ವ!"

ಸಮುದ್ರದ ಕಡೆ ದೇಶದಲ್ಲಿ ಪೆಟ್ಟಿಗೆ ತೋರಿಸೋಕೆ ಅಂತ ಟೆಲಿಫೋನ್ ಕಚೇರಿಗೇ ಹೋದ. ಅಲ್ಲಿ ಸಾಹೇಬರು ಊಟ ಮುಗಿಸಿ, ಸಿಗರೇಟು ಹಚ್ಚಿ, ಕಾನೂನು ಪುಸ್ತಕದ ರಾಶಿಗೆ ಒರಗಿ ಗೊರಕೆ ಹೊಡೀತಿದ್ರು. ಸಿಗರೇಟಿನ ಕಿಡಿ ಪುಸ್ತಕಕ್ಕೆ ಬಿತ್ತು. ಹೊಗೆ ಎದ್ದಿತು, ಬೆಂಕಿ ಹತ್ತಿತು.

"ಸಾಹೇಬ್ರೇ!" ಅಂದ ಬೋರ. ಏಳಲಿಲ್ಲ. "ಸಾಹೇಬ್ರೇ!" ಏಳಲಿಲ್ಲ. ಬೋರ ತೆಪ್ಪಗೆ ಕೂತ್ಕೊಂಡ.

ಕೂತಲ್ಲಿ ಬಿಸಿ ತಾಗಿದ ಮೇಲೆ ಸಾಹೇಬರು ಕುಣೀತಾ ಎದ್ರು. "ಯಾಕೋ ಎಬ್ಬಿಸ್ಲಿಲ್ಲ, ಪಾಪಿ?"

"ಎರಡು ಸಲ ಕರೆದೆ ಬುದ್ದಿ, ನೀವು ಎತ್ತಲಿಲ್ಲ. ಇನ್ನೊಂದು ಸಲ ಕರೆಯೋದು ನಿಮ್ಮ ಕಾನೂನಿಗೇ ವಿರುದ್ಧ!"

ಪುಸ್ತಕ ಎಲ್ಲಾ ಬೂದಿ. ಹೊಸ ಕಾನೂನು ಅಚ್ಚಾಗೋವರೆಗೆ ಆ ದೇಶದಲ್ಲಿ ಫೋನು ಸಲೀಸಾಗಿ ಕೆಲಸ ಮಾಡ್ತಂತೆ. ಆಮೇಲೆ ಎಲ್ಲಾ ಮೊದಲಿನ ಹಾಗೇ ಆಯ್ತು, ದೇವರು ದೊಡ್ಡವನು.

ಮಾದಪ್ಪ ಪೇಟ ತೆಗೆದು ನೆಲಕ್ಕೆ ಬಡಿದ. "ಇನ್ನೊಂದೇ ಒಂದು ಸಲ ಅಕ್ಕ. ಆಮೇಲೆ ನನ್ನ ಮಗಳಿಗೆ ಬೇರೆ ಗಂಡು ನೋಡ್ತೀನಿ."

ನಿಂಗಾಜಮ್ಮನ ಎದೆ ಒಡೀತು. ಆ ರಾತ್ರಿ ಮಗನ್ನ ಎದುರಿಗೆ ಕೂರಿಸ್ಕೊಂಡು, "ಸುಮ್ಮನೆ ಕೂರೋದಾ, ದಡ್ಡ ಶಿಖಾಮಣಿ?" ಅಂದ್ಲು. "ಕಾಡಿನ ಕಡೆ ದೇಶದ ಕಾನೂನು ಕೇಳು. ಲೈನಿಗೆ ತೊಂದರೆ ಕೊಡ್ತಿರೋದು ಯಾವುದು ಅಂತ ವಿಚಾರಿಸು. ಗೊತ್ತಾದ ಕೂಡಲೇ ಕಿತ್ತು ಹೊರಗೆ ಹಾಕು! ಈ ಸಲ ನಾನೂ ಬರ್ತೀನಿ."

ತಾಯಿ ಮಗ ಇಬ್ಬರೂ ಹೋದ್ರು. ಪೆಟ್ಟಿಗೆ ಮಾರೋಕೆ ಪರವಾನಗಿ ಕೊಡೋ ಕಚೇರಿ ಮುಂದೆ ಹನುಮಂತನ ಬಾಲದ ಹಾಗೆ ಜನರ ಲೈನು. ಕಿಟಕಿಯೊಳಗೆ ಒಬ್ಬ ಅಧಿಕಾರಿ. ಹಸಿರು ಅರ್ಜಿ ಕೊಟ್ರೆ "ನೀಲಿ ತಾ" ಅಂತಾನೆ, ನೀಲಿ ತಂದ್ರೆ "ನಾಳೆ ಬಾ" ಅಂತಾನೆ, ನಾಳೆ ಬಂದ್ರೆ "ನಿನ್ನೆ ಯಾಕೆ ಬರಲಿಲ್ಲ?" ಅಂತಾನೆ. ನಿಂತು ನಿಂತು ನಿಂಗಾಜಮ್ಮನ ಮಂಡಿ ಹಿಡ್ಕೊಂಡ್ತು.

ಬೋರ ಗಟ್ಟಿಯಾಗಿ ಕೇಳಿದ, "ಯಾರ್‍ರೀ ಈ ಲೈನಿಗೆ ತೊಂದರೆ ಕೊಡ್ತಿರೋದು?"

ಅಷ್ಟೂ ಜನ ಒಟ್ಟಿಗೆ ಕಿಟಕಿ ಕಡೆ ಕೈ ತೋರಿಸಿದ್ರು.

ಬೋರ ಹೋದ, ಕಿಟಕಿಯೊಳಗೆ ಕೈ ಹಾಕಿದ, ಗದ್ದೆಯಿಂದ ಕಳೆ ಕಿತ್ತ ಹಾಗೆ ಅಧಿಕಾರಿನ ಕಿತ್ತು ಹೊರಗೆ ಹಾಕಿದ! ಜನ ಚಪ್ಪಾಳೆ ತಟ್ಟಿದ್ರು. ನಿಂಗಾಜಮ್ಮ "ಅಯ್ಯಯ್ಯೋ!" ಅಂತ ಕಿರುಚಿದ್ಲು, ಕಿರುಚಿ ಸೆರಗು ಬಾಯಿಗೆ ಒತ್ಕೊಂಡ್ಲು. ನಗು ತಡೆಯೋಕಾಗಬೇಕಲ್ಲ?

ಬೋರನ್ನ ಸಂಜೆವರೆಗೂ ಠಾಣೆಯಲ್ಲಿ ಕೂರಿಸಿದ್ರು, ನಿಜ. ಆದ್ರೆ ಆ ಕಿಟಕಿಗೆ ಹೊಸದಾಗಿ ಬಂದ ಅಧಿಕಾರಿ ಬೋರನ ತೋಳು ನೋಡಿದ್ದ. ಹಸಿರೂ ಬೇಡ ನೀಲೀನೂ ಬೇಡ, ಮಾದಪ್ಪನ ಪೆಟ್ಟಿಗೆಗಳಿಗೆಲ್ಲ ನಿಂತ ಕಾಲಲ್ಲೇ ಪರವಾನಗಿ ಕೊಟ್ಟ!

ಮಾದಪ್ಪನಿಗೆ ಹಿಗ್ಗೋ ಹಿಗ್ಗು. "ಹುಡುಗ ಪರವಾಗಿಲ್ಲ ಅಕ್ಕ, ಲಗ್ನ ಇಡಿಸು!"

ನಿಂಗಾಜಮ್ಮ ಖುಷಿಯಲ್ಲೂ ಬೈಯೋದು ಮರೀಲಿಲ್ಲ. "ಕಿತ್ತುಹಾಕಿದ್ದು ಸಾಕು ಕಣೋ! ಇನ್ಮೇಲೆ ಸೇರಿಸೋದು ಕಲಿ. ನಮ್ಮ ದೇಶದ ಕಾನೂನು ಕೇಳು: ಏನು ಸೇರಿಸೋದಿದ್ರೂ ಮೊದಲು ನಮ್ಮೂರ ಟೆಲಿಫೋನ್ ಕಚೇರಿಗೆ ತಿಳಿಸಬೇಕು. ಅವರು ಹೇಳಿದ ಹಾಗೆ ಮಾಡು!"

"ಮಾಡ್ತೀನಿ ಕಣವ್ವ!"

ಮದುವೆ ದಿನ. ಓಲಗ ಮೊಳಗ್ತಿತ್ತು. ಐನೋರು ಅಂದ್ರು, "ಹೊತ್ತಾಯ್ತು, ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿ ಗಂಟು ಹಾಕ್ರಪ್ಪ!"

ಸೇರಿಸೋದಾ? ಬೋರ ಎದ್ದ. ಛತ್ರದ ಮೂಲೆಯಲ್ಲಿದ್ದ ಫೋನು ಎತ್ತಿದ.

"ಟೆಲಿಫೋನ್ ಕಚೇರಿಯಾ? ಒಂದು ಸೇರಿಸೋದಿತ್ತು ಸ್ವಾಮಿ."

"ಎಲ್ಲಿಯ ಮಾಲು?"

"ಮಾದಪ್ಪ ಮಾವನ ಮನೇದು."

"ಸದ್ದು ಮಾಡುತ್ತಾ?"

"ಅವರಮ್ಮನಷ್ಟಿಲ್ಲ."

"ಮೊದಲು ಬೇರೆ ಎಲ್ಲಾದ್ರೂ ಸೇರಿಸಿದ್ರಾ?"

"ಛೆ ಛೆ! ಇಲ್ಲ ಸ್ವಾಮಿ!"

"ಹಾಗಾದ್ರೆ ಪರೀಕ್ಷೆ ಆಗದೆ ಸೇರಿಸೋ ಹಾಗಿಲ್ಲ. ತಂದು ಕೌಂಟರಿಗೆ ಒಪ್ಪಿಸಿ!"

ಬೋರ ಚಿಕ್ಕತಾಯಿ ಕೈ ಹಿಡಿದು ನಡೆದ. ದೇವರಿಗೆ ಕೈ ಮುಗಿಸೋಕೆ ಕರ್ಕೊಂಡು ಹೋಗ್ತಾನೆ ಅಂತ ನಿಂಗಾಜಮ್ಮ ದಾರಿ ಬಿಟ್ಲು. ಮದುವೆ ರಿಜಿಸ್ಟರ್ ಮಾಡಿಸೋಕೆ ಅಂದ್ಕೊಂಡು ಚಿಕ್ಕತಾಯಿ ನಗ್ತಾ ಹೋದ್ಲು.

ಸ್ವಲ್ಪ ಹೊತ್ತಿಗೆ ಬೋರ ಒಬ್ಬನೇ ಬಂದು ಹಸೆಮಣೆ ಮೇಲೆ ಕೂತ.

"ಹುಡುಗಿ ಎಲ್ಲೋ?"

"ಕೌಂಟರಿಗೆ ಒಪ್ಪಿಸಿ ಬಂದೆ ಕಣವ್ವ. ಪರೀಕ್ಷೆ ಮಾಡಿ ಕೊಡ್ತಾರಂತೆ."

"ಅಯ್ಯೋ ನನ್ನ ಹಣೆಬರಹವೇ! ಅವರಾದ್ರೂ ಹೆಂಗೋ ತಗೊಂಡ್ರು?"

"ಗುಮಾಸ್ತ ತಲೆ ಎತ್ತಲಿಲ್ಲ ಅವ್ವ. ಮೊಹರು ಒತ್ತಿ, 'ಒಳಗಿಡಿ' ಅಂದ."

ಐನೋರು, ಓಲಗದೋರು, ಮಾದಪ್ಪ, ಮುಂದೆ ನಿಂಗಾಜಮ್ಮ, ಇಡೀ ಛತ್ರವೇ ಕಚೇರಿಗೆ ಓಡ್ತು. "ನನ್ನ ಸೊಸೆನ ಬಿಡೋ!" ಅಂತ ಅವಳು ಕಿಟಕಿ ಗುದ್ದಿದ್ಲು.

ಗುಮಾಸ್ತ ಆಗಲೂ ತಲೆ ಎತ್ತಲಿಲ್ಲ. "ರಶೀದಿ ಕೊಟ್ರೆ ಮಾಲು. ರಶೀದಿ ಇಲ್ಲದೆ ವಾಪಸ್ಸಿಲ್ಲ."

"ಲೋ ಬೋರ, ರಶೀದಿ ಎಲ್ಲೋ?"

"ನನ್ನ ಹತ್ತಿರ ಇದ್ರೆ ಕಳೆದುಹೋಗುತ್ತೆ ಅಂತ ಭಯ ಆಯ್ತು ಕಣವ್ವ" ಅಂದ ಬೋರ. "ಅದಕ್ಕೆ ಭದ್ರವಾಗಿ ಚಿಕ್ಕತಾಯಿ ಕೈಗೇ ಕೊಟ್ಟು ಒಳಗೆ ಕಳಿಸ್ದೆ!"