ಬೆರ್ಚಪ್ಪನ ಹೊಸ ಅಂಗಿ

ನವಣೆ ಹೊಲದ ನಡುವೆ ನಿಂತ ಬೆರ್ಚಪ್ಪನ ತೋಳ ಮೇಲೆ ದಿನಾ ಒಂದು ಗೊರವಂಕ ಬಂದು ಕೂರುತ್ತಿತ್ತು. ಕೂತರೂ ಅದರ ಕಣ್ಣೆಲ್ಲ ತೆನೆಯ ಮೇಲೆಯೇ. ತನ್ನ ಮಡಕೆ ಮುಖವನ್ನು, ಅದರಲ್ಲಿ ಸುಣ್ಣದಿಂದ ಬರೆದ ಕಣ್ಣುಗಳನ್ನು ಅದು ಒಮ್ಮೆಯಾದರೂ ನೋಡಬಾರದೇ ಎಂದು ಬೆರ್ಚಪ್ಪನ ಜೀವ ಹಂಬಲಿಸುತ್ತಿತ್ತು.

ಕೊನೆಗೆ ಕೇಳಿಯೇ ಬಿಟ್ಟ: "ಗೊರವಂಕವೇ, ನನ್ನತ್ತ ನೋಡುವುದೇ ಇಲ್ಲವಲ್ಲ, ಏಕೆ?"

"ಮೊದಲ ದಿನ ನೋಡಿದ್ದೆ. ಎದೆ ಝಲ್ಲೆಂದಿತ್ತು. ನಾಲ್ಕು ದಿನ ಕಳೆದರೂ ನೀನು ಹಾಗೆಯೇ ನಿಂತಿದ್ದೆ. ಬದಲಾಗದ್ದನ್ನು ಕಣ್ಣು ಎಷ್ಟು ದಿನ ನೋಡೀತು? ಏನಾದರೂ ಹೊಸದಾಗು, ನೋಡುತ್ತೇನೆ."

ಮರುದಿನ ಹೊಲದೊಡತಿ ಪುಟ್ಟನಂಜಮ್ಮ ಬಂದಳು. "ಹಕ್ಕಿಗಳಿಗೆ ನಿನ್ನ ಹತ್ತಿರ ಸಲಿಗೆ ಜಾಸ್ತಿಯಾಯ್ತು ಕಣಪ್ಪ" ಎನ್ನುತ್ತ ಅವನನ್ನು ಕಿತ್ತು ಹತ್ತು ಹೆಜ್ಜೆ ಆಚೆ ನೆಟ್ಟಳು. ಹಳೆಯ ಅಂಗಿ ಬಿಚ್ಚಿ ಕೆಂಪು ಅಂಗಿ ತೊಡಿಸಿದಳು. ಬೆರ್ಚಪ್ಪ ಹಿಗ್ಗಿಹೋದ.

ಗೊರವಂಕ ಬಂತು. ಅವನ ಸುಣ್ಣದ ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ನೋಡಿದ್ದೇ ತಡ, ಕಿರುಚಿಕೊಂಡು ಹಳ್ಳದಾಚೆಗೆ ಹಾರಿಹೋಯಿತು.

ಅಂದಿನಿಂದ ಬೆರ್ಚಪ್ಪ ಅಂಗಿಯ ಕೆಂಪು ಬೇಗ ಮಾಸಲೆಂದು ಬಿಸಿಲನ್ನು ಬೇಡಿಕೊಳ್ಳುತ್ತ, ಖಾಲಿ ತೋಳು ಚಾಚಿಕೊಂಡು ನಿಂತಿದ್ದಾನೆ.