ಮೂರು ಹೊರೆ ಸೌದೆ

“ಗುರುಗಳೇ, ದೂಮಪ್ಪನನ್ನು ಊರಿಗೆ ಕಳಿಸಿಬಿಡಬಾರದೇ?” ಎಂದು ವೃಷಭೇಂದ್ರ ಕೇಳಿದ. “ನಾನು ಒಂದು ದಿನದಲ್ಲಿ ಕಲಿಯುವ ಪಾಠಕ್ಕೆ ಅವನಿಗೆ ಎಂಟು ದಿನ ಬೇಕು. ಮಠದ ದೀಪದೆಣ್ಣೆಯೆಲ್ಲ ಅವನೊಬ್ಬನಿಗೇ ಸರಿಹೋಗುತ್ತಿದೆ.”

ವೃಷಭೇಂದ್ರ ಪಂಡಿತರ ಮನೆಯಲ್ಲಿ ಹುಟ್ಟಿದವನು. ದೂಮಪ್ಪ ಕರಾವಳಿಯ ಒಕ್ಕಲು ಮನೆಯವನು, ಅಕ್ಷರವನ್ನು ಮಠಕ್ಕೆ ಬಂದ ಮೇಲೆಯೇ ಕಂಡವನು. ಗುರುಗಳು ಓದುತ್ತಿದ್ದ ಓಲೆಕಟ್ಟನ್ನು ಕಟ್ಟಿಟ್ಟು ಕತೆ ಹೇಳತೊಡಗಿದರು.

ಒಬ್ಬ ಅರಸನಿದ್ದ. ಘಟ್ಟದ ಮೇಲೂ ಕೆಳಗೂ ಅವನದೇ ಸೀಮೆ. ಕಾಡು ಬೋಳಾಗುತ್ತಿದೆ ಎಂಬ ಚಿಂತೆ ಅವನಿಗೆ ಹತ್ತಿತು. ಚಿಂತೆ ಒಳ್ಳೆಯದೇ. ಭತ್ತವನ್ನು ಅಕ್ಕಿ ಮಾಡಲು ಯಾವ ಸೀಮೆಯವರು ಎಷ್ಟು ಸೌದೆ ಉರಿಸುತ್ತಾರೆ ಎಂದು ತಿಳಿದು ಬರಲು ಒಬ್ಬ ಅಧಿಕಾರಿಯನ್ನು ಕಳಿಸಿದ. ಅಧಿಕಾರಿ ಬಯಲುಸೀಮೆಯವನು. ದಡ್ಡನಲ್ಲ, ಲಂಚಕೋರನೂ ಅಲ್ಲ. ಯಾರ ಮನೆಯಲ್ಲೂ ಉಣ್ಣದೆ ಬುತ್ತಿ ಕಟ್ಟಿಕೊಂಡೇ ತಿರುಗುತ್ತಿದ್ದ.

ಬಯಲುಸೀಮೆಯಲ್ಲಿ ಭತ್ತವನ್ನು ಕಣದಲ್ಲಿ ಒಣಗಿಸಿ ಕುಟ್ಟುತ್ತಿದ್ದರು. ಒಂದು ಕಡ್ಡಿಯನ್ನೂ ಉರಿಸುತ್ತಿರಲಿಲ್ಲ. ಕರಾವಳಿಯಲ್ಲಿ ಭತ್ತವನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಆಮೇಲೆ ಒಣಗಿಸಿ ಕುಟ್ಟುತ್ತಿದ್ದರು. ಒಂದು ಹಂಡೆಗೆ ಮೂರು ಹೊರೆ ಸೌದೆ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಬರೆದ. ಘಟ್ಟದ ಕೆಳಗಿನವರು ಕಾಡು ತಿನ್ನುತ್ತಿದ್ದಾರೆ ಎಂದ. ಇನ್ನು ಮುಂದೆ ಯಾರೂ ಭತ್ತ ಬೇಯಿಸಕೂಡದೆಂದು ಅಪ್ಪಣೆಯಾಯಿತು. ಹಂಡೆಗಳಿಗೆ ಮುದ್ರೆ ಬಿತ್ತು.

ಒಬ್ಬ ಒಕ್ಕಲಗಿತ್ತಿ ಅಧಿಕಾರಿಯ ಕುದುರೆಯ ಮುಂದೆ ಬಂದು ನಿಂತಳು. “ಒಡೆಯರೇ, ನಾವು ಮಳೆಯಲ್ಲೇ ಕೊಯ್ಯುವುದು. ಬೇಯಿಸದಿದ್ದರೆ ರಾಶಿಯಲ್ಲೇ ಮೊಳಕೆ ಬರ್ತದೆ. ಬೇಯಿಸಿದರೆ ಅಟ್ಟದಲ್ಲಿ ಹರಡಿ ಒಲೆಯ ಕಾವಿಗಾದರೂ ಒಣಗಿಸಬಹುದು. ಒಂದು ಕೊಯ್ಲಿಗೆ ಇಲ್ಲಿದ್ದು ನೋಡಿ, ಮತ್ತೆ ಹೇಳಿ.”

“ನನ್ನ ಊರಿನವರು ಬೇಯಿಸದೆ ಉಣ್ಣುತ್ತಿಲ್ಲವೇ?” ಎಂದು ಅವನು ಕುದುರೆ ತಿರುಗಿಸಿದ.

ಆ ವರ್ಷವೂ ಕೊಯ್ಲಿನ ಹೊತ್ತಿಗೆ ಮಳೆ ಬಿಟ್ಟಿರಲಿಲ್ಲ. ಭತ್ತದ ರಾಶಿ ಒಳಗೊಳಗೇ ಬೆಚ್ಚಗಾಗಿ ಮೊಳೆಯಿತು. ಮೊಳೆಯದೆ ಉಳಿದದ್ದು ಒನಕೆಗೆ ಸಿಕ್ಕಿ ನುಚ್ಚಾಯಿತು, ಆ ನುಚ್ಚಿಗೂ ಹುಳ ಹಿಡಿಯಿತು. ಆಷಾಢದ ಹೊತ್ತಿನ ಆಟಿ ತಿಂಗಳ ಜಡಿಮಳೆಯಲ್ಲಿ ಅಲ್ಲಿಯವರಿಗೆ ಕೂಡಿಟ್ಟ ಅಕ್ಕಿಯೇ ಗತಿ. ಒಕ್ಕಲಗಿತ್ತಿಯ ಮನೆಯ ಅಕ್ಕಿ ಆಟಿ ಹುಟ್ಟುವ ಮೊದಲೇ ಮುಗಿಯುತ್ತ ಬಂತು. ಅವಳ ಮುದಿ ಅತ್ತೆ ತನ್ನ ಪಾಲಿನ ಗಂಜಿಯನ್ನು ದಿನವೂ ಮೊಮ್ಮಕ್ಕಳ ಬಟ್ಟಲಿಗೆ ಸುರಿದು, ಹಸಿವಿಲ್ಲ ಎನ್ನುತ್ತ, ಒಂದು ಬೆಳಗ್ಗೆ ಏಳಲಿಲ್ಲ. “ಅದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ” ಎಂದರು ಗುರುಗಳು.

ಎಷ್ಟು ಸೌದೆ ಉಳಿಯಿತೆಂದು ನೋಡಲು ಅಧಿಕಾರಿ ಮತ್ತೆ ಬಂದ. ಒಕ್ಕಲಗಿತ್ತಿ ಮನೆಯಲ್ಲಿದ್ದ ಕೊನೆಯ ಗಂಜಿಯನ್ನು ಅವನ ಮುಂದಿಟ್ಟಳು. ಬುತ್ತಿಯವನು ಅಂದು ಮೊದಲ ಸಲ ಪರರ ಮನೆಯಲ್ಲಿ ಒಂದು ಗುಟುಕು ಕುಡಿದ. ಮುಗ್ಗಲು ವಾಸನೆ. ಬಟ್ಟಲು ಕೆಳಗಿಟ್ಟ. ಎದ್ದು ಹೋಗಿ ಹಂಡೆಯ ಮುದ್ರೆಯನ್ನು ತನ್ನ ಕೈಯಾರೆ ಒಡೆದ.

ಅವನು ತನ್ನೂರಿಗೆ ಮರಳಿದಾಗ ಬೇಸಿಗೆ ಬೆಳೆಯ ಸುಗ್ಗಿ. ಹೆಂಡತಿ ಕಣದಲ್ಲಿ ಭತ್ತ ಹರಡಿ ಕಾಲಲ್ಲಿ ಕೆದಕುತ್ತಿದ್ದಳು. ನೆಲ ಸುಡುತ್ತಿತ್ತು. ಇದು ಒಣಗಲು ಎಷ್ಟು ಬಿಸಿಲು ಬೇಕು ಎಂದು ಕೇಳಿದ.

ಅವಳು ನಕ್ಕಳು. “ಬಿಸಿಲಿಗೆ ಯಾರಾದ್ರೂ ಲೆಕ್ಕ ಇಡ್ತಾರೇನ್ರಿ? ಅದು ಸುಮ್ನೆ ಬೀಳ್ತದೆ.”

ಅಧಿಕಾರಿ ಕಣದ ಅಂಚಿನಲ್ಲಿ ಕುಳಿತು ಅತ್ತ.

ಗುರುಗಳು ಕತೆ ಮುಗಿಸಿದರು. ವೃಷಭೇಂದ್ರ ತಡೆಯಲಾರದೆ, “ಎಂಥ ಕುರುಡ! ಉರಿದ ಸೌದೆ ಕಂಡಿತು, ತನ್ನೂರಿನ ತಲೆಯ ಮೇಲಿದ್ದ ಸೂರ್ಯನೇ ಕಾಣಲಿಲ್ಲವೇ?” ಎಂದ.

ಗುರುಗಳು ಓಲೆಕಟ್ಟನ್ನು ಮತ್ತೆ ಬಿಚ್ಚುತ್ತ ಕೇಳಿದರು: “ನಿನ್ನ ತಂದೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟು ವರ್ಷ ಓದಿಸಿದರು, ವೃಷಭೇಂದ್ರ?”

ವೃಷಭೇಂದ್ರ ಎದ್ದು ಹೋಗಿ ದೂಮಪ್ಪನ ದೀಪಕ್ಕೆ ಎಣ್ಣೆ ಹಾಕಿದ.